ಗುಂಡಿಯ ತುತ್ತು

ಆಗಸ್ಟ್ ೧೯, ಸೋಮವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಗಳೂ ಬಂದಿವೆ. ಎರಡನೆಯದರಲ್ಲಿ ‘ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ಬರಿ’ ಎಂದು ಬೈದಿದ್ದೀಯ. ಬೈಸಿಕೊಳ್ಳಬೇಕಾದದ್ದೇ. ಬರೆಯಲು ಕೂತಾಗಲೆಲ್ಲ ‘ಎಲ್ಲರೂ ಕ್ಷೇಮ’ ಎನ್ನುವಲ್ಲಿಗೆ ಬಂದು ಪೆನ್ನು ನಿಂತುಬಿಡುತ್ತಿತ್ತು. ಸುಳ್ಳು ಬರೆಯಲು ಮನಸ್ಸಿಲ್ಲ. ನಿಜ ಬರೆದರೆ ಮುರಿದ ಕಾಲಿನಲ್ಲೇ ನೀನು ಹೊರಟುಬಿಡುತ್ತೀಯ ಎಂಬ ಹೆದರಿಕೆ. ಈಗ ಕಾಲಿನ ಪಟ್ಟಿ ಬಿಚ್ಚಿದ್ದಾರಲ್ಲ, ಧೈರ್ಯ ಬಂತು. ಮೊದಲೇ ಹೇಳಿಬಿಡುತ್ತೇನೆ, ಈಗ ಪರವಾಗಿಲ್ಲ. ಗಾಬರಿಯಾಗದೆ ಓದು.

ನಮ್ಮ ಗುಂಡಿ ಊಟ ಬಿಟ್ಟಿದ್ದಳು. ಅಂಗಿಯ ಗುಂಡಿಯ ಹಾಗೆ ದುಂಡಗಿದ್ದಾಳೆಂದು ನಮ್ಮಪ್ಪ ಇಟ್ಟ ಹೆಸರು, ಹುಡುಗಿ ಸೂಜಿಯಾಗಿಬಿಟ್ಟಿದ್ದಳು.

ಅಪ್ಪ ತೀರಿಹೋದ ಮೇಲೆ ಶುರುವಾದದ್ದು. ಮೊದಲು ಬ್ರೆಡ್ಡಿನ ಅಂಚು ಬಿಟ್ಟಳು, ಆಮೇಲೆ ಬ್ರೆಡ್ಡನ್ನೇ ಬಿಟ್ಟಳು. ಅನ್ನವನ್ನು ಬಾಯಲ್ಲೇ ಇಟ್ಟುಕೊಂಡು ಕೂರುವಳು. ನುಂಗು ಎಂದರೆ ಕಣ್ಣು ತುಂಬಿಕೊಳ್ಳುವಳು. ಕೊನೆಗೆ ಹಾಲು, ತಿಳಿಗಂಜಿ, ಅಷ್ಟೇ. “ಹಸಿವಾಗ್ತಿದೆ ಅಮ್ಮ, ಆದ್ರೆ ಭಯ ಆಗುತ್ತೆ” ಅನ್ನುತ್ತಿದ್ದಳು. ಏಳು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿದರೆ ಹೆತ್ತವಳಿಗೆ ಹೇಗಾಗಬೇಡ. ಬೆಳೆಯುವ ಮಕ್ಕಳ ಬಟ್ಟೆಗೆ ನಾವು ದರ್ಜಿಗಳು ಒಳಗೆ ಮಡಿಕೆ ಬಿಟ್ಟು ಹೊಲಿಯುತ್ತೇವೆ, ಮುಂದೆ ಬಿಚ್ಚಲಿಕ್ಕೆ ಬೇಕಾಗುತ್ತದೆಂದು. ನಾನು ನನ್ನ ಮಗಳ ಶಾಲೆಯ ಸ್ಕರ್ಟಿನ ಸೊಂಟವನ್ನು ಒಳಕ್ಕೆ ಹಿಡಿದು ಹೊಲಿದೆ. ಒಂದು ಸಲ ಸಾಲದೆ ಮತ್ತೊಂದು ಸಲ. ಅಂಗಡಿಯಲ್ಲಿ ಗಿರಾಕಿಗಳ ಎದುರು ಅಳುವ ಹಾಗೂ ಇರಲಿಲ್ಲ.

ಬುದ್ಧಿ ಹೇಳುವವರಿಗೇನು ಬರ? “ಹಟ ಕಣೇ. ಹೊಟ್ಟೆ ಹಸಿದ್ರೆ ತಾನೇ ತಿಂತಾಳೆ, ಬಿಡು” ಎಂದರು ನಮ್ಮತ್ತೆ. ಒಂದು ದಿನ ಹಾಗೇ ಬಿಟ್ಟೆವು. ಸಂಜೆ ತಲೆ ಸುತ್ತಿ ಮೆಟ್ಟಿಲ ಮೇಲೆ ಕುಸಿದಳು. ಆಮೇಲೆ ಅತ್ತೆಯೇ ಓಡಾಡಿ ಗಂಜಿ ಕಾಯಿಸಿದರು, ಪಾಪ.

ಗಂಟಲಿನ ಡಾಕ್ಟರು ನಳಿಕೆ ಹಾಕಿ ನೋಡಿ ಗಂಟಲು ಚೆನ್ನಾಗಿಯೇ ಇದೆ ಎಂದರು. ಬಸ್ಸು ಓಡಿಸುವ ಬುದ್ಧಿ ಎಲ್ಲಿ ಹೋಗುತ್ತದೆ, ನಮ್ಮ ಯಜಮಾನರು, “ರೋಡೂ ಚೆನ್ನಾಗಿದೆ, ಗಾಡೀನೂ ಚೆನ್ನಾಗಿದೆ, ಡ್ರೈವರಿಗೆ ಮಾತ್ರ ಭಯ” ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಬೀದಿಯ ಡಾಕ್ಟರು ಹಸಿವಿಗೆ ಟಾನಿಕ್ ಕೊಟ್ಟರು. ಅದರಿಂದ ಹಸಿವು ಹೆಚ್ಚಾಯಿತು, ಭಯ ಇದ್ದ ಹಾಗೇ ಇತ್ತು. ಆ ಸಂಕಟ ನೋಡಲಾಗುತ್ತಿರಲಿಲ್ಲ ಅಕ್ಕ.

ಒಂದು ಸಂಜೆ ಇವರು ತಾಳ್ಮೆಗೆಟ್ಟು ಅವಳನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು ಚಮಚ ಬಾಯಿಗೆ ತುರುಕಿದರು. ಮಗು ಕೆಮ್ಮಿ ಕೆಮ್ಮಿ ಕೆಂಪಾಯಿತು. ಆಮೇಲೆ ಅಪ್ಪನ ಕೈಯಿಂದ ಹಾಲನ್ನೂ ಮುಟ್ಟಲಿಲ್ಲ. ಇವರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನೀರಿನ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ ಅಂದುಕೊಂಡಿದ್ದಾರೆ.

ಮುಂದಿನ ಸಲ ತೂಕ ನೋಡಿದ ಬೀದಿಯ ಡಾಕ್ಟರೇ, “ಇದು ನನ್ನ ಕೈಲಾಗೋದಲ್ಲಮ್ಮ” ಎಂದು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಎರಡನೇ ಮಹಡಿಯಲ್ಲಿ ಇಂಥ ಮಕ್ಕಳನ್ನೇ ನೋಡುವ ಡಾಕ್ಟರಮ್ಮ ಇದ್ದಾರೆ. ಅವರ ಕೋಣೆಯಲ್ಲಿ ಮಂಚವಿಲ್ಲ. ಒಂದು ಗಿಡ್ಡ ಮೇಜು, ನಾಲ್ಕು ಕುರ್ಚಿ, ಬಣ್ಣದ ತಟ್ಟೆಗಳು. ರಕ್ತ ಪರೀಕ್ಷೆ ಮಾಡಿಸಿ, ನನ್ನನ್ನು ಪಕ್ಕಕ್ಕೆ ಕರೆದು ನೇರವಾಗಿ ಹೇಳಿದರು: “ತೂಕ ಇನ್ನೂ ಇಳಿದ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ. ಹೆದರಿಸ್ತಿಲ್ಲ, ಗೊತ್ತಿರ್ಲಿ ಅಂತ ಹೇಳ್ದೆ. ಇದು ಹಟ ಅಲ್ಲ, ನಾಟಕ ಅಲ್ಲ. ನೀರಿಗೆ ಹೆದರೋ ಮಗೂನ ಬಾವಿಗೆ ತಳ್ಳಿದ್ರೆ ಈಜು ಬರುತ್ತಾ?” ಬಲವಂತ ಕೂಡದು, ಗೋಗರೆಯುವುದೂ ಕೂಡದು, ತಿಂದಳೆಂದು ಚಪ್ಪಾಳೆಯೂ ಬೇಡವಂತೆ.

ಆಮೇಲೆ ಗುಂಡಿಯ ಪಕ್ಕದ ಕುರ್ಚಿಯಲ್ಲಿ ಕೂತು, “ನುಂಗಿದ್ರೆ ಏನಾಗುತ್ತೆ?” ಎಂದು ಕೇಳಿದರು. ಅಷ್ಟು ದಿನ ನಾವ್ಯಾರೂ ಕೇಳದ ಪ್ರಶ್ನೆ.

“ತಾತನ ಥರ ಆಗುತ್ತೆ” ಎಂದಳು.

ಅಕ್ಕ, ಅಪ್ಪ ಹೋದಾಗ ಬಂದವರೆಲ್ಲ ಏನೆಂದರು, ನೆನಪಿದೆಯಲ್ಲ? ‘ನರಳಲಿಲ್ಲ, ಹಾಸಿಗೆ ಹಿಡೀಲಿಲ್ಲ, ಊಟ ಮಾಡ್ತಾ ಮಾಡ್ತಾನೇ ಹೋದ್ರು, ಪುಣ್ಯವಂತರು.’ ಬರಲಾಗದೆ ಫೋನಿನಲ್ಲಿ ಅಳುತ್ತಿದ್ದ ನಿನಗೂ ನಾನು ಅದನ್ನೇ ಹೇಳಿದ್ದು. ನಮಗೆ ಸಮಾಧಾನ ಕೊಟ್ಟ ಮಾತು ಆ ಮಗುವಿನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಡಾಕ್ಟರಮ್ಮ ಕಾಗದದ ಮೇಲೆ ಎದೆಯ ಚಿತ್ರ ಬರೆದು, “ತಾತನ ಹೃದಯ ನಿಂತುಹೋಯ್ತು ಪುಟ್ಟಿ. ಅವತ್ತು ತಾತ ಊಟ ಮಾಡ್ದೇ ಇದ್ರೂ ಅದು ನಿಲ್ತಿತ್ತು. ಊಟದಿಂದ ಏನೂ ಆಗ್ಲಿಲ್ಲ” ಎಂದು ಬಿಡಿಸಿ ಹೇಳಿದರು.

ಹೇಳಿದ ಮಾತ್ರಕ್ಕೆ ಭಯ ಓಡಿಹೋಗಲಿಲ್ಲ. ವಾರ ವಾರವೂ ಹೋಗುತ್ತಿದ್ದೇವೆ. ಯಾವುದಕ್ಕೆ ಕಡಿಮೆ ಭಯ ಎಂದು ಅವಳೇ ಹೇಳಬೇಕು, ಅದರಿಂದ ಶುರು. ಗಂಜಿ ಗಟ್ಟಿಯಾಯಿತು, ಕಿವುಚಿದ ಬಾಳೆಹಣ್ಣು ಇಳಿಯಿತು, ನಡುವೆ ನೆಗಡಿ ಬಂದು ಮತ್ತೆ ಬರೀ ಹಾಲಿಗೆ ಬಂದಳು. “ಸ್ವಲ್ಪ ರಿವರ್ಸ್ ತಗೊಂಡ್ಳು, ಅಷ್ಟೇ” ಎಂದರು ಇವರು. ಈಗ ಜೋರು ಮಾಡುವುದನ್ನು ಪೂರ್ತಿ ಬಿಟ್ಟಿದ್ದಾರೆ. ಮೊನ್ನೆ ಶನಿವಾರ ಅಂಚಿನ ಸಮೇತ ಅರ್ಧ ತುಂಡು ಬ್ರೆಡ್ಡು ತಿಂದಳು. ಚಪ್ಪಾಳೆ ಕೂಡದಲ್ಲ, ನಾನು ನನ್ನ ಖಾಲಿ ತಟ್ಟೆ ನೋಡುತ್ತ ಕೂತೆ. ಇವರು ಗೋಡೆಯ ಕ್ಯಾಲೆಂಡರನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿದ್ದರು. ಗುಂಡಿ ನಮ್ಮಿಬ್ಬರನ್ನೂ ನೋಡಿ, “ಯಾಕೆ, ಜಗಳ ಆಡಿದ್ದೀರಾ?” ಎಂದು ಕೇಳಿದಳು.

ತೂಕ ಇಳಿಯುವುದು ನಿಂತು ತುಸು ಏರಿದೆ. ಇನ್ನೂ ತಿಂಗಳುಗಟ್ಟಲೆ ಹಿಡಿಯುತ್ತದೆಯಂತೆ. ಹಿಡಿಯಲಿ.

ನೀನು ಮೆಟ್ಟಿಲು ಹತ್ತುವ ಸಾಹಸ ಮಾಡಬೇಡ. ಭಾವನವರಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ ನೂರು ವರ್ಷ ಬಾಳಲಿ. ನಮ್ಮ ಗುಂಡಿಯನ್ನೂ ಹಾಗೇ ಹರಸು.

ನಿನ್ನ ತಂಗಿ

ಮರೆತಿದ್ದೆನೆಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಈಚೆಗೆ ಗುಂಡಿ ಶಾಲೆಯಲ್ಲಿ ಚೂರುಪಾರು ತಿನ್ನುತ್ತಿದ್ದಳು, ಮನೆಯಲ್ಲಿ ನಾನು ಜೊತೆಗೆ ಉಣ್ಣಲು ಕೂತರೆ ಮುಟ್ಟುತ್ತಿರಲಿಲ್ಲ. ಯಾಕೆಂದು ಹೋದ ವಾರ ಡಾಕ್ಟರಮ್ಮ ಕೇಳಿದರು. ಅದಕ್ಕೆ ಹೇಳಿದಳು: “ತಾತ ಹೋದಾಗ ನಾನು ಪಕ್ಕದಲ್ಲೇ ತಿಂತಿದ್ದೆ. ನನ್ನ ತಟ್ಟೆ ನೋಡ್ತಿದ್ದೆ, ತಾತನ್ನ ನೋಡ್ಲಿಲ್ಲ. ನಾನು ತಿಂತಾ ಕೂತ್ರೆ ಅಮ್ಮನ್ನ ಯಾರು ನೋಡ್ಕೋತಾರೆ?” ಇಷ್ಟು ತಿಂಗಳು ನಾನು ಅವಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ ಅಕ್ಕ. ಅದು ನಿನ್ನ ತಪ್ಪಲ್ಲ ಎಂದು ಡಾಕ್ಟರಮ್ಮ ಅವಳಿಗೆ ಹೇಳಿದ್ದಾರೆ, ಇನ್ನೂ ಎಷ್ಟೋ ಸಲ ಹೇಳಬೇಕಾಗುತ್ತದಂತೆ. ಸದ್ಯಕ್ಕೆ ನಾನು ಮೊದಲು ಉಣ್ಣುತ್ತೇನೆ. ನಿನ್ನೆ ನನ್ನ ಕೊನೆಯ ತುತ್ತು ಇಳಿಯುವವರೆಗೆ ಕಣ್ಣು ಮಿಟುಕಿಸದೆ ನೋಡಿ, “ಆಯ್ತಾ ಅಮ್ಮ?” ಎಂದು ಕೇಳಿ, ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.