ಬೇಕರಿ ತಿರುವಿನಲ್ಲಿ ಪೊಲೀಸರು

ಬೆಳಗಿನ ರೇಡಿಯೋ ಕಾರ್ಯಕ್ರಮ ನಡೆಸುವ ಎನ್ನೊ ಯಾನ್ಸೆನ್ ಅವರಿಗೆ,

ನಾನು ಫೋಕೊ ಹಾರ್ಮ್ಸ್ ಅವರ ಹೆಂಡತಿ ವೀಬ್ಕೆ. ವೇಗ ಅಳೆಯುವ ಪೊಲೀಸರು ಬೇಕರಿ ತಿರುವಿಗೆ ಬಂದಾಗಲೂ ಅಲ್ಲಿಂದ ಹೊರಟಾಗಲೂ ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿ ನಿಮಗೆ ಫೋನ್ ಮಾಡುತ್ತಿದ್ದವರು ಅವರೇ. ನಮ್ಮ ಜರ್ಮನಿಯಲ್ಲಿ ರಾಡಾರ್ ಪತ್ತೆ ಮಾಡುವ ಯಂತ್ರವನ್ನು ಕಾರಿನಲ್ಲಿ ಬಳಸಿದರೆ ದಂಡ. ಪೊಲೀಸರು ಎಲ್ಲಿದ್ದಾರೆ ಎಂದು ನೀವು ರೇಡಿಯೋದಲ್ಲಿ ಸಾರಿದರೆ ತಪ್ಪಿಲ್ಲ. "ನಾಲ್ಕು ಜನಕ್ಕೆ ಉಪಕಾರ ಕಣೇ," ಎನ್ನುತ್ತಿದ್ದರು ನನ್ನ ಗಂಡ.

ಆ ಮಂಗಳವಾರವೂ ಫೋನ್ ಮಾಡಿ, "ಹೊರಟೋದ್ರು ಎನ್ನೊ, ದಾರಿ ಖಾಲಿ," ಎಂದರು. ನೀವು ನಗುತ್ತಾ, "ಬೇಕರಿ ತಿರುವಿನೋರೇ, ಇನ್ನು ಒತ್ರಪ್ಪಾ ಆಕ್ಸಿಲರೇಟರ್!" ಎಂದಿರಿ. ಅದನ್ನು ಕೇಳಿ ಖುಷಿಪಟ್ಟು, ಬ್ರೆಡ್ ತರಲು ಹೊರಟು ಅವರು ರಸ್ತೆ ದಾಟುತ್ತಿದ್ದರು. ತಿರುವಿನಲ್ಲಿ ಬಂದ ಕಾರು ಗುದ್ದಿತು. ನಾನು ಓಡಿ ಹೋಗುವಷ್ಟರಲ್ಲಿ ಉಸಿರಿರಲಿಲ್ಲ. ಕಾರು ಓಡಿಸುತ್ತಿದ್ದ ಹೆಂಗಸು ನನ್ನ ಕೈ ಹಿಡಿದು, "ಪೊಲೀಸ್ರು ಹೋದ್ರು ಅಂತ ಈಗಷ್ಟೇ ರೇಡಿಯೋದಲ್ಲಿ ಹೇಳಿದ್ರಮ್ಮಾ," ಎಂದು ಅತ್ತಳು.

ನೀವು ಕಳಿಸಿದ ಹೂವು ತಲುಪಿತು. ಕಾರ್ಡಿನಲ್ಲಿ "ನಮ್ಮ ಅಚ್ಚುಮೆಚ್ಚಿನ ಕೇಳುಗರಿಗೆ" ಎಂದಿತ್ತು. ಇನ್ನು ಕಳಿಸಬೇಡಿ, ಮನೆಯಲ್ಲಿ ಹೂದಾನಿ ಒಂದೇ ಇರುವುದು.

ಒಂದು ಕೋರಿಕೆ. ಸೋಮವಾರದಿಂದ ಆ ಕಿಟಕಿಯ ಬಳಿ ನಾನು ಕೂರುತ್ತೇನೆ. ದಿನವೂ ನಿಮಗೆ ಫೋನ್ ಮಾಡಿ, ತಿರುವಿನಲ್ಲಿ ಪೊಲೀಸರಿದ್ದಾರೆ ಎನ್ನುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ನನ್ನ ಗಂಡನ ಮಾತನ್ನು ಹಿಂದೆಮುಂದೆ ನೋಡದೆ ಸಾರಿದಿರಲ್ಲ, ನನ್ನದನ್ನೂ ಹಾಗೆಯೇ ಸಾರಿಬಿಡಿ.

ಇತಿ,
ವೀಬ್ಕೆ ಹಾರ್ಮ್ಸ್