ಅವ್ವ ಆರಿಸಿಕೊಂಡ ಕಿವಿ

ಗದಗ-ಬೆಟಗೇರಿ
ಎರಡನೆಯ ಎಣಿಕೆಯ ನೂರಾ ಹದಿನೆಂಟನೆಯ ವರ್ಷ, ಗಾಳಿತಿಂಗಳ ಮೂವತ್ತೇಳನೆಯ ದಿನ

ಬಹಳ ಹಿಂದಿನವರಾದ ನಿಮಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ಮೂವತ್ತೇಳನೆಯ ದಿನವಿರುವ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಲ್ಲವೆಂದು ನನಗೆ ಗೊತ್ತು. ಕಪ್ಪತಗುಡ್ಡದ ಗಾಳಿಗಂಬಗಳು ಎಷ್ಟು ದಿನ ನಿಲ್ಲದೆ ತಿರುಗುತ್ತವೋ ಅಷ್ಟು ದಿನವನ್ನು ನಾವು ಗಾಳಿತಿಂಗಳು ಎನ್ನುತ್ತೇವೆ. ಈ ವರ್ಷದ್ದು ಇನ್ನೂ ಮುಗಿದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನ್ನಿಸಬಹುದು. ಕೆಲವನ್ನು ಹಳೆಯ ಕನ್ನಡದಿಂದ, ಅಂದರೆ ನಿಮ್ಮ ಕನ್ನಡದಿಂದ, ಹುಡುಕಿ ತಂದು ಇಟ್ಟಿದ್ದೇನೆ. ಸರಿಯಾದ ಜಾಗದಲ್ಲಿ ಕೂತಿವೆಯೋ ಇಲ್ಲವೋ ತಿಳಿಯದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ‘ಹಿಂದೋಲೆ’ ಎಂಬ ಪದ್ಧತಿಯಿದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ಅವರು ಬದುಕಿಲ್ಲದಿದ್ದಾಗ, ಎದುರಿಗೆ ಸಿಕ್ಕವರ ಮೇಲೆ ಹರಿಹಾಯುವ ಬದಲು, ಹಿಂದಿನವರಿಗೆ ಒಂದು ಪತ್ರ ಬರೆದು ಗುಡ್ಡದ ಮೇಲಿನ ಪೆಟ್ಟಿಗೆಗೆ ಹಾಕಿ ಬರುವುದು. ಅದು ನಿಮ್ಮ ತನಕ ಬರುತ್ತದೆಂದು ಯಾರೂ ಆಣೆ ಮಾಡಿ ಹೇಳಿಲ್ಲ. ಬರೆದ ಮೇಲೆ ರಾತ್ರಿ ಊಟ ಸೇರುತ್ತದೆ ಎಂದಷ್ಟೇ ಹೇಳುತ್ತಾರೆ. ನನ್ನ ಹೆಸರು ಮುಕ್ತಾಂಬೆ. ಗಾಳಿಗಂಬಗಳ ರೆಕ್ಕೆ ಒರೆಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನು ಹೇಳಬೇಕೆಂದಿರುವುದು ನನ್ನ ಅವ್ವ ದಾನಮ್ಮನ ಕಿವಿಯ ವಿಷಯ.

ನೀವು ಆಪರೇಟಿಂಗ್ ಸಿಸ್ಟಂ ಎಂದು ಕರೆಯುತ್ತಿದ್ದುದನ್ನು ನಾವು ‘ಒಕ್ಕಲು’ ಎನ್ನುತ್ತೇವೆ. ಯಂತ್ರದೊಳಗೆ ಕೂತು ಅದನ್ನು ನಡೆಸುವುದು ಒಕ್ಕಲು. ನಿಮ್ಮ ಕಾಲದಲ್ಲಿ ಅದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ಅಂಗೈಯ ಫೋನಿನಲ್ಲಿ ಇತ್ತಂತೆ. ಪರದೆಯ ಮೇಲೆ ಉಂಗುರ ತಿರುಗುತ್ತ ಕೂತರೆ ನೀವು ಮೇಜು ಗುದ್ದುತ್ತಿದ್ದಿರಂತೆ, ಅರ್ಧ ಬರೆದದ್ದು ಮಾಯವಾದರೆ ತಲೆ ಚಚ್ಚಿಕೊಳ್ಳುತ್ತಿದ್ದಿರಂತೆ, ಆಮೇಲೆ ಗೆಳೆಯರ ಮುಂದೆ ಕೂತು ನನ್ನದು ಒಳ್ಳೆಯದು, ನಿನ್ನದು ಡಬ್ಬಾ ಎಂದು ವಾದಿಸುತ್ತಿದ್ದಿರಂತೆ. ಇದನ್ನು ಓದುವಾಗ ನನಗೆ ನಿಮ್ಮ ಮೇಲೆ ಪ್ರೀತಿಯೇ ಬರುತ್ತದೆ. ಕಂಪ್ಯೂಟರ್ ಕೈಕೊಟ್ಟರೆ ನೀವು ಎದ್ದು ಹೋಗಿ ಚಹಾ ಕುಡಿದು ಬರಬಹುದಿತ್ತು. ನಮ್ಮ ಒಕ್ಕಲುಗಳು ಬಾಗಿಲ ಚಿಲಕದಲ್ಲಿವೆ, ಒಲೆಯಲ್ಲಿವೆ, ಮುದುಕರ ಮಂಡಿಯಲ್ಲಿವೆ, ಕಿವಿಯಲ್ಲಿವೆ. ಸಿಟ್ಟು ಬಂದರೆ ಎದ್ದು ಎಲ್ಲಿಗೆ ಹೋಗೋಣ?

ನಮಗೆ ಉಳಿದದ್ದು ಎರಡೇ ಒಕ್ಕಲು, ಕಣಜ ಮತ್ತು ಬಯಲು. ಕಣಜ ನುಣುಪು. ಅದರ ಮುಚ್ಚಳಕ್ಕೆ ಸ್ಕ್ರೂ ಇರುವುದಿಲ್ಲ. ಒಳಗೇನಿದೆ ಎಂದು ಕೇಳಿದರೆ ನೀವು ಚಿಂತೆ ಮಾಡಬೇಡಿ ಎನ್ನುತ್ತದೆ. ಕೆಡುವುದು ಕಡಿಮೆ, ಆದರೆ ಮನಸ್ಸು ಬಂದಾಗ ತಾನೇ ಹೊಸದಾಗಿಬಿಡುತ್ತದೆ. ನಿನ್ನೆ ಎಡಕ್ಕಿದ್ದ ಬಾಗಿಲಗುಂಡಿ ಇವತ್ತು ಬಲಕ್ಕಿರುತ್ತದೆ, ಯಾಕೆಂದು ಕೇಳಲು ಮನುಷ್ಯರೊಬ್ಬರೂ ಸಿಗುವುದಿಲ್ಲ. ಬಯಲು ಎಲ್ಲರದು. ಯಾರು ಬೇಕಾದರೂ ಬಿಚ್ಚಿ ರಿಪೇರಿ ಮಾಡಬಹುದು. ಹಾಗಾಗಿ ಎಲ್ಲರೂ ಕೈಯಾಡಿಸಿರುತ್ತಾರೆ, ಯಾವುದೂ ವಾರಕ್ಕಿಂತ ಹೆಚ್ಚು ಸರಿಯಿರುವುದಿಲ್ಲ. ಗದಗಿನ ಕಡೆ ಕಣಜದವರು ಹೆಚ್ಚು, ಬೆಟಗೇರಿಯ ಕಡೆ ಬಯಲಿನವರು. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಇದನ್ನೇ, ಯಾಕೆಂದರೆ ಒಂದು ಒಕ್ಕಲಿನ ಬಾಗಿಲು ಇನ್ನೊಂದು ಒಕ್ಕಲಿನ ಸೊಸೆಗೆ ತೆರೆಯುವುದಿಲ್ಲ. ಕಣಜದವರ ಮದುವೆಯಲ್ಲಿ ಬಯಲಿನವರ ಪಂಕ್ತಿಗೆ ಹೋಳಿಗೆ ಬರುವುದು ತಡ ಎಂದು ನಮ್ಮಪ್ಪ ಸಾಯುವವರೆಗೂ ಗೊಣಗುತ್ತಿದ್ದ.

ಅವ್ವನಿಗೆ ನಾನು ಹುಟ್ಟುವ ಮೊದಲೇ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಆಮೇಲೆ ಬಯಲಿನ ‘ಕಿವಿಬಿಲ್ಲೆ’ ಹಾಕಿಸಿದರು. ಕಿವಿಯ ಹಿಂದಿನ ಎಲುಬಿಗೆ ಅಂಟಿ ಕೂರುವ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಯಂತ್ರ ಅದು. ಹೊರಗಿನ ಬಿಲ್ಲೆಯನ್ನು ತೆಗೆದು ಹಾಕಬಹುದು, ಅದು ಕಲಿತದ್ದೆಲ್ಲ ಉಳಿಯುವುದು ಎಲುಬಿನೊಳಗೆ ಕೂರಿಸಿದ ಒಂದು ಕಾಳಿನಲ್ಲಿ. ಬಯಲಿನ ಬಿಲ್ಲೆ ಶಬ್ದ ಕೊಡುತ್ತದೆ, ಆದರೆ ದನಿಗಳನ್ನು ನಾವೇ ಅದಕ್ಕೆ ಕಲಿಸಬೇಕು. ಕಲಿಸುವ ತನಕ ಯಾರು ಮಾತಾಡಿದರೂ ತಗಡಿನ ಮೇಲೆ ಜೋಳ ಸುರಿದಂತೆ ಕೇಳುತ್ತದಂತೆ. ಹೀಗೆ ಒಬ್ಬೊಬ್ಬರ ದನಿ ಕಲಿಸುವುದಕ್ಕೆ ‘ದನಿ ಹಚ್ಚುವುದು’ ಎನ್ನುತ್ತಾರೆ. ನಮ್ಮಪ್ಪ ಚನ್ನವೀರಪ್ಪ ಶಾಲೆಯಲ್ಲಿ ಗಣಿತದ ಮಾಸ್ತರ. ಸಂಜೆ ಮನೆಗೆ ಬಂದು ನನ್ನನ್ನು ಅಡುಗೆಕಟ್ಟೆಯ ಮೇಲೆ ಕೂರಿಸಿ ನಗಿಸುತ್ತಿದ್ದ, ಅಳಿಸುತ್ತಿದ್ದ, ಅವ್ವಾ ಎಂದು ಕರೆಸುತ್ತಿದ್ದ. ಅವ್ವ ಕಣ್ಣು ಮುಚ್ಚಿ ಕೇಳಿ, “ಇನ್ನೂ ಸ್ವಲ್ಪ ಬೆಚ್ಚಗ ಬರಲಿ” ಎನ್ನುತ್ತಿದ್ದಳು. ಅಪ್ಪ ದನಿ ಹಚ್ಚುವ ಯಂತ್ರದ ತಿರುಗುಣಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ನಾನು ಬೆಳೆದಂತೆ ದನಿ ಬದಲಾಗುತ್ತಿತ್ತು, ಅವನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ನನ್ನ ದನಿ ಅವ್ವನ ಕಿವಿಯಲ್ಲಿ ಹೇಗಿತ್ತೋ ನಾನಂತೂ ಎಂದೂ ಕೇಳಿಲ್ಲ. ಅದನ್ನು ಬಲ್ಲವರು ಅವರಿಬ್ಬರೇ.

ಬಿಲ್ಲೆಯೇನು ಕಡಿಮೆ ಕಾಟ ಕೊಡಲಿಲ್ಲ. ಮಾತಿನ ಮಧ್ಯೆ ನಿಂತುಹೋಗಿ ಕಿವಿಯೊಳಗೆ ‘ದಯವಿಟ್ಟು ಕಾಯಿರಿ’ ಎಂದು ಶುರುಮಾಡುತ್ತಿತ್ತು. ಪಕ್ಕದ ಮನೆಯ ಕಲ್ಲವ್ವ ಬಾಗಿಲಲ್ಲಿ ನಿಂತು ತನ್ನ ಭಾವ ತೀರಿಕೊಂಡದ್ದನ್ನು ಹೇಳುವಾಗ ಹೀಗೇ ಆಗಿ, ಅವ್ವ ಏನೂ ಕೇಳದೆ ನಗುನಗುತ್ತ ತಲೆಯಾಡಿಸಿ “ಭಾಳ ಛಲೋ ಆತು ಬಿಡವಾ” ಎಂದಿದ್ದಳು. ಕಲ್ಲವ್ವ ಮುಂದಿನ ದೀಪಾವಳಿಯವರೆಗೂ ನಮ್ಮ ಮನೆ ಕಡೆ ಮುಖ ಹಾಕಲಿಲ್ಲ. ಅಂಥ ದಿನಗಳಲ್ಲಿ ಅವ್ವ ಬಿಲ್ಲೆಗೆ ಬೈಯುತ್ತಿದ್ದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಅಪ್ಪ ಅದನ್ನು ಊದಿ, ಒರೆಸಿ, ಅಂಗೈಗೆ ಎರಡು ಸಲ ಬಡಿದು ಮತ್ತೆ ಕೂರಿಸುತ್ತಿದ್ದ. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಬಯಲು ಕೂಡ ಸೊರಗುತ್ತ ಬಂತು. ರಿಪೇರಿ ಮಾಡುವವರು ಮುದುಕರಾದರು, ಹೊಸಬರು ಕಣಜಕ್ಕೆ ಹೋದರು. ಊರಿನ ಟ್ರಾಮು, ಆಸ್ಪತ್ರೆ, ಅಂಗಡಿ ಎಲ್ಲವೂ ಒಂದೊಂದಾಗಿ ಕಣಜದವರ ಜೊತೆ ಮಾತ್ರ ಮಾತಾಡತೊಡಗಿದವು. ಒಂದು ದಿನ ಬೆಟಗೇರಿಯ ಕೊನೆಯ ಹಚ್ಚುವ ಯಂತ್ರವೂ ಕೆಟ್ಟು ನಿಂತಿತು. ಅದರ ಬಿಡಿಭಾಗಗಳನ್ನು ಯಾರೂ ಮಾಡುತ್ತಿರಲಿಲ್ಲ. ಅವ್ವನ ಬಿಲ್ಲೆ ಕೇಳಿಸುತ್ತಿತ್ತು, ಆದರೆ ಇನ್ನು ಹೊಸ ದನಿ ಕಲಿಯುವ ಹಾಗಿರಲಿಲ್ಲ. ಮೊದಲು ಹಚ್ಚಿದ ದನಿಗಳಷ್ಟೇ ದನಿಗಳಾಗಿ ಉಳಿದವು, ಹೊಸದಾಗಿ ಬಂದವರೆಲ್ಲ ತಗಡಾದರು. ಹಚ್ಚಿದವರಲ್ಲೂ ಬಹುಪಾಲು ಜನ ಸತ್ತುಹೋಗಿದ್ದರು. ಅಪ್ಪನ ದನಿಯ ಜಾಗ ಒಳಗೆ ಹಾಗೇ ಇತ್ತು, ಆ ದನಿಯಲ್ಲಿ ಮಾತಾಡುವವರು ಇರಲಿಲ್ಲ. ಲೆಕ್ಕಕ್ಕೆ ಸಿಗುವ ಹಾಗೆ ಉಳಿದವಳು ನಾನೊಬ್ಬಳೇ. ಅದೇ ಹೊತ್ತಿಗೆ ನಾನು ಬಸುರಾದೆ.

ಇಲ್ಲಿಂದ ನನ್ನ ಸಿಟ್ಟು ಶುರುವಾಗುತ್ತದೆ, ಸಮಾಧಾನವಾಗಿ ಬರೆಯಲು ನೋಡುತ್ತೇನೆ. ಕಣಜದ ಕಿವಿಯಲ್ಲಿ ದನಿ ಹಚ್ಚುವ ಗೋಜೇ ಇಲ್ಲ. ಯಾರು ಮಾತಾಡಿದರೂ ಮೊದಲ ದಿನದಿಂದಲೇ ಸ್ವಚ್ಛವಾಗಿ ಕೇಳುತ್ತದೆ, ಹುಟ್ಟಿದ ಕೂಸಿನ ಅಳುವೂ ಕೇಳುತ್ತದೆ. ಆದರೆ ಎಲುಬಿನೊಳಗಿನ ಕಾಳಿನಲ್ಲಿ ಎರಡು ಒಕ್ಕಲಿಗೆ ಜಾಗವಿಲ್ಲ. ಕಣಜ ಬರಬೇಕಾದರೆ ಬಯಲು ಕಲಿತದ್ದನ್ನೆಲ್ಲ ಒರೆಸಲೇಬೇಕು. ಅಪ್ಪ ಹಚ್ಚಿದ ದನಿಗಳನ್ನು ಕಣಜಕ್ಕೆ ಸಾಗಿಸಲು ಬರುವುದಿಲ್ಲವೇ ಎಂದು ಬಯಲಿನ ಮುದುಕ ರಿಪೇರಿಯವರನ್ನು ಕೇಳಿದೆ. ಬರುತ್ತಿತ್ತು, ಆದರೆ ದನಿಯನ್ನು ಬರೆದಿಡುವ ತಮ್ಮ ಬಗೆಯನ್ನು ಇನ್ನೊಬ್ಬರಿಗೆ ತಿಳಿಸುವುದಿಲ್ಲವೆಂದು ಒಂದು ಕಡೆಯವರೂ, ಅವರದ್ದನ್ನು ಕಲಿಯುವುದೇ ಅವಮಾನವೆಂದು ಇನ್ನೊಂದು ಕಡೆಯವರೂ ಬಹಳ ಹಿಂದೆ ಹಟ ಹಿಡಿದು ಕೂತರು, ಆ ಹಟವೇ ಮುಂದೆ ಕಾನೂನಾಯಿತು ಎಂದರು. ಬಹಳ ಹಿಂದೆ ಎಂದರೆ ನಿಮ್ಮ ಕಾಲದಲ್ಲಿ. ನೀವು ಚಹಾ ಕುಡಿಯುತ್ತ ನಕ್ಕೊಂಡು ಆಡಿದ ಜಗಳ ನಮ್ಮ ಮನೆಯ ಎಲುಬಿನೊಳಗೆ ಬಂದು ಕೂತಿದೆ.

ಅವ್ವ ಇದರ ಬಗ್ಗೆ ಯಾರ ಹತ್ತಿರವೂ ಚರ್ಚೆ ಮಾಡಲಿಲ್ಲ. ಒಂದು ಬೆಳಿಗ್ಗೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತವಳು ನನ್ನ ಹೊಟ್ಟೆಯ ಕಡೆ ಕೈ ತೋರಿಸಿ, “ನಿನ್ನ ದನಿ ನಾ ಬೇಕಾದಷ್ಟ ಕೇಳೇನಿ. ಇನ್ನ ಇದರದು ಕೇಳಬೇಕು. ಕಣಜಕ್ಕ ಹೋಗೂಣು” ಎಂದಳು. ನನಗೆ ಹೊಟ್ಟೆಕಿಚ್ಚಾಯಿತು. ಇನ್ನೂ ಹುಟ್ಟದ ನನ್ನ ಕೂಸಿನ ಮೇಲೇ ನನಗೆ ಹೊಟ್ಟೆಕಿಚ್ಚಾಯಿತು. “ಹಂಗಾದ್ರ ನಾ ಹ್ವಾದಂಗನ ಏನವಾ?” ಎಂದೆ. ಅವಳು ನಕ್ಕು, “ಎಲ್ಲಿ ಹೋಗತಿ ಹುಚ್ಚಿ, ಕಣ್ಣಮುಂದ ಇರ್ತಿಯಲ್ಲ” ಎಂದು ಸೊಪ್ಪಿನ ಪುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಗದಗಿನ ಕಣಜದ ದವಾಖಾನೆ ತಣ್ಣಗಿತ್ತು. ಷರತ್ತುಗಳನ್ನು ಒಪ್ಪುತ್ತೀರಾ ಎಂದು ಗೋಡೆ ಅಕ್ಷರ ಮೂಡಿಸಿ ಕೇಳುತ್ತಲೇ ಇತ್ತು, ಅವ್ವ “ಒಪ್ಪೇನಿ, ಒಪ್ಪೇನಿ, ಸಾಕ ಮಾಡು” ಎನ್ನುತ್ತಲೇ ಇದ್ದಳು. ಒರೆಸುವ ಮುಂಚೆ ಅವಳು ನನ್ನ ಕೈ ಹಿಡಿದು, “ಏನರ ಮಾತಾಡು” ಎಂದಳು. ನನಗೆ ಏನೂ ಹೊಳೆಯಲಿಲ್ಲ. ನಾಳೆ ಸಂತೆ, ಬದನೆಕಾಯಿ ತರಬೇಕು, ಕಳೆದ ವಾರ ತಂದದ್ದು ಬರೀ ಹುಳುಕು, ಎಂದೆ. ಅವ್ವ ಕಣ್ಣು ಮುಚ್ಚಿಕೊಂಡು ಅದನ್ನು ದೇವರ ಪದ ಕೇಳಿದ ಹಾಗೆ ಕೇಳಿದಳು. ನಾನು ಬದನೆಕಾಯಿಯಿಂದ ಮೆಣಸಿನಕಾಯಿಗೆ, ಅಲ್ಲಿಂದ ಉಳ್ಳಾಗಡ್ಡಿಗೆ ಬಂದೆ. ಆಮೇಲೆ ಗೋಡೆಯ ಮೇಲೆ ಉಂಗುರ ತಿರುಗತೊಡಗಿತು, ಮಧ್ಯಾಹ್ನವೆಲ್ಲ ತಿರುಗಿತು. ಮುಗಿದಾಗ ನಾನು ಅವಳ ಬಗಲಲ್ಲೇ ನಿಂತು “ಅವ್ವಾ” ಎಂದೆ. ಅವಳು ಯಾರು ಬಂದರೆಂದು ಬಾಗಿಲ ಕಡೆ ತಿರುಗಿ ನೋಡಿದಳು.

ಆಮೇಲೆ ನನ್ನ ಮುಖ ನೋಡಿ, ತುಟಿ ನೋಡಿ, “ಛಲೋ ಕೇಳತೈತಿ. ಭಾಳ ಸ್ವಚ್ಛ ಕೇಳತೈತಿ” ಎಂದಳು. ಮನೆಗೆ ಬರುವ ದಾರಿಯುದ್ದಕ್ಕೂ ಟ್ರಾಮಿನ ಗಂಟೆ, ಗುಬ್ಬಿ, ಪಕ್ಕದವರ ಕೆಮ್ಮು ಎಲ್ಲವನ್ನೂ ಎತ್ತಿ ಎತ್ತಿ ತೋರಿಸುತ್ತ ಬಂದಳು. ನನಗೆ ಮಾತ್ರ ಮಾತಾಡು ಎನ್ನಲಿಲ್ಲ.

ಮಗಳು ಹುಟ್ಟಿದಳು, ನೀಲವ್ವ ಎಂದು ಹೆಸರಿಟ್ಟೆವು. ಅವಳ ಅಳುವಿನಲ್ಲಿ ಹಸಿವು ಯಾವುದು, ನಿದ್ದೆ ಯಾವುದು, ಬರೀ ಹಟ ಯಾವುದು ಎಂದು ಅವ್ವ ಹಿತ್ತಲಿನಿಂದಲೇ ಹೇಳುತ್ತಾಳೆ. ಅವಳು ಕೂಸಿನ ಜೊತೆ ಕೂತು ನಗುವುದನ್ನು ನೋಡಿದರೆ, ಆರಿಸಿಕೊಂಡದ್ದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಮೊದಮೊದಲು ನಾನು ಅಡುಗೆಮನೆಯಿಂದ ಕೂಗಿದರೆ “ಯಾರ್ರೀ ಅದು, ಒಳಗ ಬರ್ರಿ” ಎನ್ನುತ್ತಿದ್ದಳು, ನನ್ನನ್ನು ಕಂಡು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ರೂಢಿಯಾಗುತ್ತದೆ ಎಂದು ಎಲ್ಲರೂ ಹೇಳಿದರು. ವರ್ಷವಾಯಿತು, ರೂಢಿಯೂ ಆಗಿದೆ. ಆ ದನಿ ನನ್ನದೆಂದು ಈಗ ಅವಳಿಗೆ ಗೊತ್ತು. ಮೊದಲಾದರೆ ಅವಳಿಗೆ ಅದನ್ನು ಯಾರೂ ತಿಳಿಸಬೇಕಾಗಿರಲಿಲ್ಲ. ಕಣಜದವರನ್ನು ಕೇಳಿದರೆ, ಈಗ ನಿಮ್ಮ ತಾಯಿಗೆ ಕೇಳುತ್ತಿರುವುದೇ ನಿಮ್ಮ ನಿಜವಾದ ದನಿ, ಮೊದಲಿನದು ನಿಮ್ಮ ತಂದೆ ಮಾಡಿಟ್ಟದ್ದು ಎಂದರು. ನಿಜವೇ ಇರಬಹುದು. ಹಾಗಾದರೆ ನನ್ನ ನಿಜವಾದ ದನಿ ನನ್ನ ಅವ್ವನಿಗೆ ಬೇರೆಯವರ ಮನೆಯ ಹೆಂಗಸಿನ ದನಿ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಯಾವುದು ಚೆಂದ, ಯಾವುದು ಬೇಗ ಓಡುತ್ತದೆ, ಯಾವುದು ಕಡಿಮೆ ಕೆಡುತ್ತದೆ ಎಂದು ಬೇಕಾದಷ್ಟು ಜಗಳವಾಡಿ, ಅದರ ಸುಖವನ್ನು ನಿಮ್ಮಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಯಾವುದನ್ನೇ ಆರಿಸಿಕೊಳ್ಳುವ ಮುಂಚೆ, ನಾಳೆ ಇದನ್ನು ಬಿಡಬೇಕಾಗಿ ಬಂದರೆ ನನ್ನದನ್ನೆಲ್ಲ ನನ್ನ ಜೊತೆ ಒಯ್ಯಲು ಕೊಡುತ್ತೀರಾ ಎಂದು ಒಂದು ಸಲ ಕೇಳಿ. ಇಲ್ಲವೆಂದರೆ ಸುಮ್ಮನೆ ಎದ್ದು ಬರಬೇಡಿ, ಆವಾಗ ಮೇಜು ಗುದ್ದಿ. ಆಗ ಗುದ್ದುವವರು ಸಾಕಷ್ಟು ಜನ ಇದ್ದಿದ್ದರೆ ನನಗೆ ಈ ಪತ್ರ ಬರೆಯುವ ಕೆಲಸ ಇರುತ್ತಿರಲಿಲ್ಲ.

ಈಚೆಗೆ ಅವ್ವ ಒಂದು ಹೊಸ ರೂಢಿ ಮಾಡಿಕೊಂಡಿದ್ದಾಳೆ. ಮಧ್ಯಾಹ್ನ ಕೂಸು ಮಲಗಿದ ಮೇಲೆ ಬಿಲ್ಲೆಯನ್ನು ಕಿವಿಯ ಹಿಂದಿನಿಂದ ಕಿತ್ತು, ಸೆರಗಿನ ತುದಿಗೆ ಗಂಟು ಹಾಕಿ, ನನ್ನೆದುರಿಗೆ ಬಂದು ಕೂಡುತ್ತಾಳೆ. “ಈಗ ನೀ ಮಾತಾಡು” ಎನ್ನುತ್ತಾಳೆ. ಮೊದಲ ದಿನ ನನಗೆ ತಿಳಿಯಲಿಲ್ಲ. ಏನೂ ಕೇಳಿಸದವಳ ಮುಂದೆ ಏನು ಮಾತಾಡುವುದು? ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು, ನೋಡುತ್ತ ನೋಡುತ್ತ ಅವಳ ಮುಖ ಹಗುರಾಯಿತು. ಬಿಲ್ಲೆ ಇದ್ದರೆ ಹೊಸ ದನಿ ಬಂದು ಎಲ್ಲವನ್ನೂ ಮುಚ್ಚಿಬಿಡುತ್ತದಂತೆ. ಏನೂ ಕೇಳದಿದ್ದಾಗ, ನನ್ನ ತುಟಿ ಆಡಿದ ಹಾಗೆಲ್ಲ, ಅಪ್ಪ ಹಚ್ಚಿದ ನನ್ನ ದನಿ ಅವಳಿಗೆ ತಲೆಯೊಳಗೆ ಕೇಳುತ್ತದಂತೆ. ಮೊದಮೊದಲು ಪೂರ್ತಿ ಕೇಳುತ್ತಿತ್ತು, ಈಗ ಕೆಲವು ಮಾತು ಬಿಟ್ಟುಹೋಗುತ್ತಿವೆ ಎಂದು ನಿನ್ನೆ ಹೇಳಿದಳು. ದಿನಾ ಮಾತಾಡಬೇಕು, ಒಂದು ದಿನವೂ ತಪ್ಪಿಸಬಾರದು ಎಂದಳು.

ಕೂಸು ಈಗಷ್ಟೇ ಮಲಗಿತು. ಅವ್ವ ಸೆರಗಿಗೆ ಗಂಟು ಹಾಕಿಕೊಂಡು ನನ್ನ ಎದುರಿಗೆ ಬಂದು ಕೂತಿದ್ದಾಳೆ, ನನ್ನ ತುಟಿ ನೋಡುತ್ತಿದ್ದಾಳೆ. ಇನ್ನು ಬರೆಯುವುದಕ್ಕಿಲ್ಲ, ಮಾತಾಡಬೇಕು. ಸುಖವಾಗಿರಿ.

ನಿಮ್ಮ ಎಷ್ಟೋ ತಲೆಮಾರಿನ ಮುಂದಿನವಳು,
ಮುಕ್ತಾಂಬೆ