ನೆಲಮಾಳಿಗೆಗೆ ಇಳಿದವಳು ಊರು ಬಿಟ್ಟಳೇ?

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ಕೆಲಸದ ಹೊತ್ತಿನಲ್ಲಿ ಆಸ್ಪತ್ರೆ ಬಿಟ್ಟು ತಿರುಗುತ್ತಾಳೆ ಎಂದು ಸೂಚನಾಫಲಕದಲ್ಲಿ ಹೆಸರು ಹಾಕಿ ನೀವು ಅಮಾನತು ಮಾಡಿದ ಹೆಂಗಸು ನನ್ನ ಸೊಸೆ. ಅವಳು ಎಲ್ಲಿಗೂ ಹೋಗಿರಲಿಲ್ಲ. ನಿಮ್ಮ ಕಾಲ ಕೆಳಗೇ, ನೆಲಮಾಳಿಗೆಯಲ್ಲಿ, ಆಪರೇಷನ್ನಿನ ಕತ್ತರಿ ಇಕ್ಕಳಗಳನ್ನು ತೊಳೆದು, ಕ್ರಿಮಿ ಸಾಯಲೆಂದು ಹಬೆಗೆ ಇಡುತ್ತಿದ್ದಳು. ಇದನ್ನು ನಿಮ್ಮ ಕೋಣೆಗೆ ಬಂದು ಹೇಳಿದೆ. ನೀವು ಕಂಪ್ಯೂಟರ್ ಪರದೆಯಿಂದ ತಲೆ ಎತ್ತಲಿಲ್ಲ. ಆದ್ದರಿಂದ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಹೈಸ್ಕೂಲಿನವರೆಗೆ. ಅರ್ಥವಾಗದ್ದನ್ನು ಅರ್ಥವಾದಂತೆ ನಟಿಸುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಿರಲಿಲ್ಲ.

ಸಿಬ್ಬಂದಿಯ ಫೋನುಗಳಿಗೆಲ್ಲ ನೀವು ಹಾಜರಾತಿಯ ಆ್ಯಪ್ ಹಾಕಿಸಿದಿರಿ. ಫೋನು ಆಸ್ಪತ್ರೆಯ ವೈಫೈಯಲ್ಲಿದ್ದರೆ ಆಳು ಕೆಲಸದಲ್ಲಿದ್ದಂತೆ, ಇಲ್ಲದಿದ್ದರೆ ಇಲ್ಲದಂತೆ. ನೆಲಮಾಳಿಗೆಯ ದಪ್ಪ ಗೋಡೆ, ಹಬೆಯಂತ್ರದ ಕಬ್ಬಿಣದ ಬಾಗಿಲು ದಾಟಿ ನಿಮ್ಮ ವೈಫೈ ಒಳಗೆ ಬರುವುದಿಲ್ಲ. ಆಗ ಫೋನು ತಾನಾಗಿಯೇ ಅದನ್ನು ಬಿಟ್ಟು, ಗಾಳಿಕಿಂಡಿಯಿಂದ ಸಿಗುವ ಮೊಬೈಲ್ ಟವರನ್ನು ಹಿಡಿಯುತ್ತದೆ. ಹಿಡಿದ ಕೂಡಲೇ ಅದಕ್ಕೆ ಇಂಟರ್ನೆಟ್ಟಿನಲ್ಲಿ ಬೇರೆ ವಿಳಾಸ. ಫೋನ್ ಕಂಪನಿಯ ಜಾಲವೆಲ್ಲ ಈಗ ಎಲ್ಲೋ ದೂರದ ಕಂಪ್ಯೂಟರುಗಳ ಒಳಗೆ ಕಟ್ಟಿದ ವರ್ಚುವಲ್ ಜಾಲವಂತೆ. ಹಾಗಾಗಿ ಆ ವಿಳಾಸ ನನ್ನ ಸೊಸೆ ಕಣ್ಣಲ್ಲೂ ಕಂಡಿರದ ಇನ್ನೊಂದು ಊರಿನದು; ನಿಮ್ಮ ಪರದೆಗೆ ಅವಳು ಅಲ್ಲೇ ಇದ್ದಂತೆ. ಸೊಸೆಯ ಜೊತೆ ನಾನೂ ಬಂದಿದ್ದ ವಿಚಾರಣೆಯ ದಿನ ಇಷ್ಟನ್ನೂ ಬಿಡಿಸಿ ಹೇಳಿದವರು ನಿಮ್ಮದೇ ಕಂಪ್ಯೂಟರ್ ವಿಭಾಗದವರು. ಹೇಳಿ ಮುಗಿಸಿ, ಆದರೂ ದಾಖಲೆ ದಾಖಲೆಯೇ ಎಂದು ಕೈಕಟ್ಟಿ ಕುಳಿತರು.

"ಅಮ್ಮಾ, ನಾವ್ ಹೇಳ್ತಿಲ್ಲ, ಸಿಸ್ಟಮ್ ಹೇಳ್ತಿದೆ" ಎಂದರು.

"ಹಾಗಾದ್ರೆ ಅದನ್ನೇ ಕರೀರಿ, ನಾನು ಮಾತಾಡ್ತೀನಿ."

"ಅದು ವರ್ಚುವಲ್ ಅಮ್ಮಾ. ಅಂದ್ರೆ, ಇಲ್ಲಿ ಇಲ್ಲ."

"ಸರಿ ಹೋಯ್ತು. ಇಲ್ಲಿ ಇಲ್ಲದೇ ಇರೋದು ಅದು. ನನ್ನ ಸೊಸೆ ಇಲ್ಲೇ ಕೂತಿದಾಳೆ ನೋಡಿ."

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಹೆದ್ದಾರಿಯಲ್ಲಿ ಬಸ್ಸು ಉರುಳಿದ ದಿನ ನಿಮಗೆ ನೆನಪಿರಬೇಕು. ಗಾಯಾಳುಗಳು ಬರುತ್ತಲೇ ಇದ್ದರು, ಸೊಸೆ ಮೇಲೆ ಬಂದು ಒಂದು ತುತ್ತು ತಿನ್ನಲಿಲ್ಲ. ನಿಮ್ಮ ಪರದೆಯ ಪ್ರಕಾರ ಅವಳು ಅತಿ ಹೆಚ್ಚು ಹೊತ್ತು ನಾಪತ್ತೆಯಾದದ್ದು ಅದೇ ದಿನ! ಹಾಗಾದರೆ ಡಾಕ್ಟರುಗಳ ಕೈಗೆ ಬಂದ ಕತ್ತರಿಗಳನ್ನು ಹಬೆಗೆ ಇಟ್ಟವರು ಯಾರು? ಆ ಇನ್ನೊಂದು ಊರಿನಿಂದ ಕೊಟ್ಟು ಕಳಿಸಿದಳೇ? ಹೆಚ್ಚು ದುಡಿದಷ್ಟೂ ಹೆಚ್ಚು ಗೈರುಹಾಜರಿ ಎಂದಾದರೆ, ಕೆಲಸವೇ ಮಾಡದವರಿಗೆ ನೀವು ಬಡ್ತಿ ಕೊಡಬೇಕಾದೀತು.

ನಿಮ್ಮ ಫಲಕ ಆಸ್ಪತ್ರೆಯ ಗೋಡೆಯಲ್ಲೇ ಉಳಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅದು ನನ್ನ ಮನೆಯೊಳಗೆ ಬಂದಿತು. ಊಟಕ್ಕೆ ಕೂತಾಗ ನನ್ನ ಮಗ ಹೆಂಡತಿಯನ್ನು ಕೇಳಿಬಿಟ್ಟ:

"ನಿಜವಾಗ್ಲೂ ಆಸ್ಪತ್ರೆ ಒಳಗೇ ಇದ್ಯಾ ನೀನು?"

ಅವಳು ಎದ್ದು ಕೈ ತೊಳೆದಳು.

"ಏನೋ, ಕಟ್ಕೊಂಡವಳ ಮಾತಿಗಿಂತ ಆಫೀಸಿನ ಟೀವಿ ಮಾತು ಹೆಚ್ಚಾಯ್ತಾ ನಿಂಗೆ?" ಎಂದು ಗದರಿದೆ.

"ಸುಮ್ನೆ ಕೇಳ್ದೆ ಅಮ್ಮಾ."

"ಸುಮ್ನೆ ಕೇಳೋ ಮಾತೇನೋ ಅದು?"

ಅಂದಿನಿಂದ ಅವರಿಬ್ಬರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತು.

ಕಾವಲು ಕಾಯುವುದನ್ನು ನೀವು ನನಗೆ ಹೇಳಿಕೊಡಬೇಕಾಗಿಲ್ಲ. ಅವಳು ಈ ಮನೆಗೆ ಕಾಲಿಟ್ಟ ದಿನದಿಂದ ಅವಳ ಮೇಲೆ ಕಣ್ಣಿಟ್ಟವಳು ನಾನು. ಹಾಲು ಉಕ್ಕಿದ್ದು, ನಲ್ಲಿ ಸುರಿದದ್ದು, ಯಾವುದೂ ನನ್ನ ಕಣ್ಣು ತಪ್ಪಿಸಿಲ್ಲ. ಆದರೆ ಅವಳು ಕಾಣದಾದಾಗ ನಾನು ತೀರ್ಪು ಬರೆಯುತ್ತಿರಲಿಲ್ಲ, ಕೂಗುತ್ತಿದ್ದೆ.

"ಎಲ್ಲಿದ್ದೀಯೇ?"

"ಇಲ್ಲೇ ಅತ್ತೆ, ಮಹಡಿ ಮೇಲೆ."

"ಏನ್ ಮಾಡ್ತಿದ್ದೀ?"

"ನಿಮ್ಮೇಲೆ ಸಿಟ್ಟು ಮಾಡ್ಕೊಂಡು ಕೂತಿದೀನಿ."

ಸಿಟ್ಟಿನಲ್ಲಿದ್ದರೂ ಉತ್ತರ ಕೊಡುತ್ತಿದ್ದಳು. ನಿಮ್ಮ ಯಂತ್ರಕ್ಕೆ ಕಣ್ಣಿದೆ, ಕೂಗುವ ಬಾಯಿಲ್ಲ, ಕೇಳುವ ಕಿವಿಯಂತೂ ಇಲ್ಲವೇ ಇಲ್ಲ. ಆದರೆ ನಿಮಗೆ ಇವೆಲ್ಲ ಇವೆಯಲ್ಲ?

ಮೊನ್ನೆ ಅವಳು ಬಟ್ಟೆಯ ಬುಟ್ಟಿ ಹಿಡಿದು ಬಂದು, "ಅತ್ತೆ, ಒಣಹಾಕೋಕೆ ಮೇಲೆ ಹೋಗ್ತಿದೀನಿ" ಎಂದು ಹೇಳಿ, ಸಾಕ್ಷಿಗೆಂಬಂತೆ ಫೋನನ್ನು ನನ್ನ ಮುಂದಿಟ್ಟು ಹೋದಳು. ಇಷ್ಟು ವಿಧೇಯ ಸೊಸೆ ಬೇಕೆಂದು ಒಂದು ಕಾಲದಲ್ಲಿ ನಾನೇ ಆಸೆಪಟ್ಟಿದ್ದೆ. ಈಗ ಅದನ್ನು ನೋಡಲಾಗುತ್ತಿಲ್ಲ.

ಮುಂದಿನ ವಾರ ಅವಳನ್ನು ಕೆಲಸದಿಂದ ತೆಗೆಯುವುದೋ ಬಿಡುವುದೋ ನೀವು ತೀರ್ಮಾನಿಸುತ್ತೀರಂತೆ. ಅದಕ್ಕೂ ಮೊದಲು ಆ ಆ್ಯಪನ್ನು ನಿಮ್ಮ ಫೋನಿಗೂ ಹಾಕಿಸಿಕೊಂಡು, ನೆಲಮಾಳಿಗೆಗೆ ಇಳಿದು, ಹಬೆಯಂತ್ರದ ಪಕ್ಕ ಸ್ವಲ್ಪ ಹೊತ್ತು ನಿಂತು ಬನ್ನಿ. ಬಂದು ಪರದೆ ನೋಡಿದರೆ ನೀವೂ ಊರು ಬಿಟ್ಟಿರುತ್ತೀರಿ. ಆಮೇಲೆ ಅವಳು ಕೆಲಸದಲ್ಲೇ ಇದ್ದಳೆಂದು ಅದೇ ಫಲಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ನನ್ನ ಮಗನೂ ಓದಲಿ. ಇನ್ನು ಮೇಲೆ ಯಾರ ಫೋನಾದರೂ ವೈಫೈ ಬಿಟ್ಟು ಟವರಿಗೆ ಹೋದರೆ, ಅವರನ್ನು ಕಳ್ಳರೆಂದು ಬರೆಯುವ ಮೊದಲು ಒಂದು ಕರೆ ಮಾಡಿ, "ಎಲ್ಲಿದ್ದೀಯಮ್ಮಾ?" ಎಂದು ಕೇಳಿ. ಫೋನು ಇರುವುದೇ ಅದಕ್ಕೆ.

ಇಂತಿ,
ಕೂಗಿದರೆ ಉತ್ತರ ಬರುತ್ತಿದ್ದ ಮನೆಯ
ಒಬ್ಬ ಅತ್ತೆ